ಹರಿಯದ ನೂಲು

ಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕು, ಇನ್ನೂ ಬೇಕು ಎಂದು ಸರ್ಕಾರ ಬಾಯಿಬಾಯಿ ಬಿಡುತ್ತಿತ್ತು. ದೇವನಹಳ್ಳಿ ಕಡೆಯ ವಿಜಯಪುರದ ಅನೀಸ್ ಅಹಮದನಿಗೆ ಮಾತ್ರ ಒಂದೇ ಹುಚ್ಚು: ಎಷ್ಟು ಎಳೆದರೂ ಹರಿಯದ ನೂಲು ಬರಬೇಕು. ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದಿದ್ದ ಈ ಮಹಾರಾಯ ಜೇಡದ ಹೊಟ್ಟೆಯ ರಸ ತೆಗೆದು, ಕೂದಲಿನಂಥ ಸೂಜಿಯಿಂದ ರೇಷ್ಮೆಹುಳುವಿನ ಮೊಟ್ಟೆಗಳಿಗೆ ಚುಚ್ಚಲು ಕೂತ.

ಆ ಮೊಟ್ಟೆಗಳು ಅವನ ಹೆಂಡತಿ ಹಬೀಬುನ್ನೀಸಾಳವು. ಜಡಿಗೇನಹಳ್ಳಿಯ ಅವಳ ತವರಿನಲ್ಲಿ, ಮದುವೆಯಾಗಿ ಹೊರಟ ಮಗಳ ಮಡಿಲಿಗೆ ಮನೆತನದ ಬಿತ್ತನೆ ಮೊಟ್ಟೆ ಹಾಕುವುದು ವಾಡಿಕೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳಿಗೆ ಬಂದ ತಳಿ ಅದು.

"ಒಂದಿಷ್ಟು ಉಳಿಸ್ಕೊಳ್ಳೋಣ ರೀ," ಎಂದಳು.

"ಅರ್ಧಂಬರ್ಧ ಕೆಲಸ ನನ್ನ ಕೈಲಾಗಲ್ಲ!"

ಅವನ ಕಣ್ಣಿನ ಹೊಳಪಿಗೆ ಅವಳೂ ಮರುಳಾದಳು. ಎಲ್ಲವನ್ನೂ ಕೊಟ್ಟಳು.

ಹುಳುಗಳೋ, ಅಬ್ಬಬ್ಬಾ! ಹಿಪ್ಪುನೇರಳೆ ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ತಟ್ಟೆ ಖಾಲಿ. ಅವು ಹಣ್ಣಾಗಿ ಗೂಡು ಕಟ್ಟುವ ದಿನ, ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಲು ಓಣಿಯ ಹೆಂಗಸರೆಲ್ಲ ನೆರೆದರು. ಆಮೇಲೆ ಅನೀಸ್ ಕೆಲವು ಗೂಡು ಬೇಯಿಸಿ ನೂಲು ಬಿಚ್ಚಿದ. ಅದನ್ನು ಹೊಸೆದು, ಬಿಂದಿಗೆ ಕಟ್ಟಿ ಬಾವಿಗೆ ಬಿಟ್ಟ. ತುಂಬಿದ ಬಿಂದಿಗೆ ಮೇಲೆ ಬಂದೇ ಬಂತು!

"ಬೂಬಮ್ಮಾ, ಇದು ರೇಷ್ಮೆ ಅಲ್ಲ ಕಣಮ್ಮೋ, ಕಬ್ಬಿಣ!" ಎಂದಳು ಪಕ್ಕದ ಮನೆಯ ಮುನಿವೆಂಕಟಮ್ಮ. ಹಬೀಬುನ್ನೀಸಾ ಕುಣಿಯುವುದೊಂದು ಬಾಕಿ.

ಒಳ್ಳೊಳ್ಳೆಯ ಗೂಡುಗಳನ್ನು ಬೇಯಿಸದೆ ಬಿತ್ತನೆಗೆ ಉಳಿಸಿದ್ದರು. ಚಿಟ್ಟೆ ಎಂಜಲಿನಿಂದ ಗೂಡು ನೆನೆಸಿ, ತೂತು ಮಾಡಿ ಹೊರಬಂದು ಮೊಟ್ಟೆಯಿಟ್ಟರೆ ತಾನೇ ತಳಿ ಮುಂದುವರಿಯುವುದು? ಒಂದು ಬೆಳಿಗ್ಗೆ ಗೂಡುಗಳೊಳಗೆ ಪರಪರ ಸದ್ದು ಶುರುವಾಯಿತು.

"ಬಂತು, ಬಂತು!" ಎಂದು ಗಂಡಹೆಂಡಿರಿಬ್ಬರೂ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಸದ್ದು ಜೋರಾಯಿತು. ಗೂಡು ಮಾತ್ರ ತೂತಾಗಲಿಲ್ಲ. ಬಿಂದಿಗೆ ಎತ್ತಿದ ನೂಲು ಪಾಪದ ಚಿಟ್ಟೆಯ ಎಂಜಲಿಗೆ ಬಗ್ಗೀತೇ? ಹಬೀಬುನ್ನೀಸಾ ಓಡಿಹೋಗಿ ಕತ್ತರಿ ತಂದಳು, ಅಲಗು ಜಾರಿತು. ಕುಡುಗೋಲಿನಿಂದ ಒತ್ತಿ ಕೊಯ್ದಳು. ಗೂಡಿನ ಜೊತೆ ಚಿಟ್ಟೆಯೂ ಎರಡು ತುಂಡಾಯಿತು. ಬಿಸಿಲೇರುವ ಹೊತ್ತಿಗೆ ಒಂದೊಂದೇ ಗೂಡು ಸುಮ್ಮನಾಯಿತು. ಅಜ್ಜಿಯ ತಳಿ ತನ್ನ ಮನೆಯಲ್ಲೇ ಉಸಿರುಕಟ್ಟಿ ಸತ್ತಿತಲ್ಲ ಎಂದು ಅವಳಿಗೆ ಅಳು ಉಕ್ಕಿ ಬಂತು.

ಅನೀಸ್ ಎದ್ದ. ಅವನ ಮುಖ ಇನ್ನೂ ಬೆಳಗುತ್ತಿತ್ತು.

"ರಸ ಒಂಚೂರು ಕಮ್ಮಿ ಮಾಡಿದ್ರೆ ಸರಿಹೋಗುತ್ತೆ, ಹಬೀಬಾ! ಈಗ್ಲೇ ಜಡಿಗೇನಹಳ್ಳಿಗೆ ಹೊರಡು. ನಿಮ್ಮಮ್ಮನ ಹತ್ರ ಇನ್ನೂ ಬಿತ್ತನೆ ಇರುತ್ತಲ್ಲ?"

ಅವಳು ಕಣ್ಣೊರೆಸಿಕೊಂಡಳು.

"ಇದೆ," ಎಂದಳು. "ನಾನು ಕೊಡಲ್ಲ."