ಮರಿಯಾನೆಯ ಕೊನೆಯ ಪುಟ

ಮಸಿ ಇನ್ನೂ ಒಣಗಿಲ್ಲ, ಹೊಳೆಯುತ್ತಿದೆ, ಎಷ್ಟು ದೊಡ್ಡ ಆನೆ ಬಂದುಬಿಟ್ಟಿತು ತನ್ನ ಕೈಯಿಂದ, ಸಾಲಿಗ್ರಾಮದ ಅತ್ತೆಮನೆಯಲ್ಲಿ ಹತ್ತು ವರ್ಷ ರಂಗೋಲಿ ಬಿಟ್ಟು ಬೇರೇನೂ ಬರೆಯದ ಕೈ, ಮಂಗಳಗೌರಿಗೆ ಕುಣಿಯುವಷ್ಟು ಹಿಗ್ಗು, ಹೊರಗೆ ಗಾಡಿ ಕಟ್ಟಿಕೊಂಡು ನಿಂತ ದೊಡ್ಡಮಾದಯ್ಯ, ಬಿಸ್ಲೇರ್ತದೆ ಕಣವ್ವ, ಉಣಸೂರು ಟಪ್ಪಾಲು ತಪ್ಪೋಯ್ತದೆ ಅಂತ ಕೂಗುತ್ತಾನೆ, ಬಂದೆ ಬಂದೆ — ಇವತ್ತು ತಪ್ಪಿದರೆ ಕೊನೆಯ ಚಿತ್ರ ಬೇರೆಯವರಿಂದ ಬರೆಸುತ್ತೇವೆ ಎಂದು ಮೈಸೂರಿನ ಅಚ್ಚುಕೂಟದವರು ಕಾಗದ ಹಾಕಿದ್ದಾರೆ, ಅಪ್ಪನ ಪುಸ್ತಕಕ್ಕೆ ಬೇರೆಯವರೇ, ಮಕ್ಕಳಿಗೆಂದು ಹದಿನಾಲ್ಕು ಪುಸ್ತಕ ಬರೆದು ತಾವೇ ಚಿತ್ರ ತುಂಬಿದ ವೀರಭದ್ರಸ್ವಾಮಿ ಮೇಷ್ಟ್ರು, ಹದಿನೈದನೆಯದರಲ್ಲಿ ಮರಿಯಾನೆ ತಾಯಿಯನ್ನು ಹುಡುಕಿ ಕಾಡೆಲ್ಲ ಅಲೆಯುತ್ತದೆ, ಕೊನೆಯ ಪುಟದಲ್ಲಿ ತಾಯಿ ಸಿಕ್ಕಿತು ಎಂದಷ್ಟೇ ಬರೆದು, ಚಿತ್ರದ ಜಾಗ ಖಾಲಿ ಬಿಟ್ಟು ಹೋದರು, ತೀರಿಕೊಂಡು ಇಪ್ಪತ್ತು ದಿನ.

ಆದರೆ ಮೊದಲು ಜಗಲಿ, ಅದು ಅಪ್ಪನ ಪದ್ಧತಿ, ಮಕ್ಕಳಿಗೆ ತೋರಿಸದೆ ಯಾವ ಚಿತ್ರವೂ ವೀರನಹೊಸಹಳ್ಳಿ ದಾಟುವಂತಿಲ್ಲ, ಅವರು ತಪ್ಪು ಹಿಡಿದರೆ ಅಪ್ಪ ಅಲ್ಲೇ ಹರಿದುಹಾಕುವರು, ಎತ್ತಿ ಹಿಡಿದಳು, ಕಾಡಂಚಿನ ಮಕ್ಕಳ ತಲೆಗಳು ಒಂದಕ್ಕೊಂದು ತಾಗಿದವು, ಚಿಕ್ಕಸಿದ್ದಮ್ಮ ಕಿಸಕ್ಕನೆ ನಕ್ಕಳು, ಅಯ್ಯೋ ಗೌರಕ್ಕ, ಅವ್ವಾನೆಗೆ ಎಲ್ಲಾರ ಇಷ್ಟುದ್ದ ದಂತ ಇರ್ತವಾ, ಇದು ಸಲಗ ಕಣಕ್ಕ! ದಂತ, ಹೌದಲ್ಲ, ಆನೆ ಕಾಣದವಳೇ ತಾನು, ಇದೇ ಊರಲ್ಲಿ ಬೆಳೆದವಳು, ಯಾವ ಗಳಿಗೆಯಲ್ಲಿ ಕೈ ಹೀಗೆ ಎಳೆಯಿತು, ಹರಿಯಲೇ, ಮತ್ತೆ ಬರೆಯಲು ಹೊತ್ತೆಲ್ಲಿದೆ, ಕೆರೆದುಬಿಡೋಣ, ಬ್ಲೇಡು ಎಲ್ಲಿ, ಸಿಕ್ಕಿತು — ಅಷ್ಟರಲ್ಲಿ ಪಕ್ಕದ ಹುಡುಗಿ ಮರಮ್ಮನ ತಕರಾರು, ಸಲಗ ಎಲ್ಲಾರ ಮರಿ ಸಾಕ್ತದೇನೇ, ಬುಡು ಬುಡು, ಅದಕ್ಕೆ ಚಿಕ್ಕಸಿದ್ದಮ್ಮ ಸೊಂಟಕ್ಕೆ ಕೈಯಿಟ್ಟು, ಯಾಕ್ ಸಾಕಾಕಿಲ್ಲ, ಅವ್ವ ಸತ್ಮೇಲೆ ಮೇಷ್ಟ್ರು ಸಾಕ್ಲಿಲ್ವಾ ಗೌರಕ್ಕನ್ನ? ಜಗಲಿ ತುಂಬ ನಗು, ಅವಳಿಗೂ ನಗು, ಕಣ್ಣು ಮಂಜು, ಮಸಿಗೈಯಲ್ಲೇ ಬೈತಲೆ ತೆಗೆದು ಹಣೆಯೆಲ್ಲ ಕಪ್ಪು ಮಾಡುತ್ತಿದ್ದ ಅಪ್ಪ, ರೊಟ್ಟಿ ತಟ್ಟಿದರೆ ಅದಕ್ಕೂ ಮೂಗು ಬಾಯಿ ಬರೆದು ತಿನ್ನಿಸುತ್ತಿದ್ದ ಅಪ್ಪ, ತಾಯಿಯನ್ನು ಬರೆಯಲು ಕೂತು ತಾನು ಬರೆದದ್ದು ಯಾರನ್ನು, ಬ್ಲೇಡು ದಂತದ ಮೇಲೆ ನಿಂತಿದೆ, ಅಲ್ಲೇ ಮರಿಯ ಸೊಂಡಿಲು ಸುತ್ತಿಕೊಂಡಿದೆ, ಒಂದನ್ನು ಕೆರೆದರೆ ಇನ್ನೊಂದೂ ಹೋಗುತ್ತದೆ, ಬ್ಲೇಡು ಕೆಳಗಿಟ್ಟಳು, ಲೇಖನಿ ಎತ್ತಿದಳು, ತಾಯಿ ಎಂಬ ಅಪ್ಪನ ಅಕ್ಷರದ ಮೇಲೆ, ಜೀವಮಾನದಲ್ಲಿ ಮೊದಲ ಸಲ, ಗೀಟೆಳೆದು ಅಪ್ಪ ಎಂದು ಬರೆದಳು, ಅವ್ವಾ ಒತ್ತಾಯ್ತು ಅಂತ ದೊಡ್ಡಮಾದಯ್ಯ, ಕೊಡಬೇಕು, ಸುತ್ತಿ ಕೊಡಬೇಕು, ಕಣ್ಣು ಮಾತ್ರ ಅಲ್ಲೇ, ದಂತವನ್ನು ಬಿಗಿದು ಹಿಡಿದ ಪುಟ್ಟ ಸೊಂಡಿಲು, ಆ ಪುಟ್ಟ ಸೊಂಡಿಲು, ಬಿಡುತ್ತಲೇ ಇಲ್ಲ