ಕರಡಿಗುಡ್ಡದ ಡಬ್ಬಿ

ಅನ್ನದಾನಮ್ಮ ಸೀತಾಫಲದ ಬುಟ್ಟಿಯನ್ನು ಅಂಗಳದಲ್ಲಿ ಸುರುವಿಕೊಂಡು, ಒಡೆದವನ್ನು ಒಂದು ಕಡೆ, ಇನ್ನೂ ಗಟ್ಟಿ ಇದ್ದವನ್ನು ಒಂದು ಕಡೆ ಮಾಡುತ್ತಿದ್ದಳು. ಗಟ್ಟಿ ಇದ್ದವು ಕಡಿಮೆ. ಕೊಟ್ಟೂರಿಗೆ ಹೋಗಿ, ಮಾರಾಟವಾಗದೆ ಅಲ್ಲಿಂದ ವಾಪಸು ಬಂದ ಹಣ್ಣು ಅದು. ಎರಡು ಸಲ ಬಸ್ಸಿನ ಮೇಲೆ ಕೂತು ಕುಲುಕಿ, ಕಣ್ಣುಗಳೆಲ್ಲ ಬಿಚ್ಚಿಕೊಂಡು, ಬಿಳಿಯ ತಿರುಳು ಹೊರಗೆ ಬಂದಲ್ಲೆಲ್ಲ ನೊಣ ಮುತ್ತಿದ್ದವು. ಗೂಟಕ್ಕೆ ಕಟ್ಟಿದ ಮೇಕೆ ಹಗ್ಗ ಜಗ್ಗುತ್ತಿತ್ತು.

"ಅದಕ್ಕರ ಹಾಕು, ತಿನ್ಲಿ," ಎಂದ ಕಟ್ಟೆಯ ಮೇಲೆ ಕೂತಿದ್ದ ಗಂಡ ಹುಲುಗಣ್ಣ.

"ಹಾಕ್ತೀನಿ. ಅದೇನು ಪೇಪರ್ ಓದತೈತೇನು?" ಎಂದಳು ಅನ್ನದಾನಮ್ಮ.

ಹುಲುಗಣ್ಣ ಮುಖ ಆ ಕಡೆ ತಿರುಗಿಸಿದ. ಅಂದಮೇಲೆ ಅವಳಿಗೂ ಅನ್ನಬಾರದಿತ್ತು ಅನ್ನಿಸಿತು.

ಕೊಟ್ಟೂರಿನ ಹಣ್ಣಿನ ಅಮ್ಜದ್ ಒಳ್ಳೆಯವನೇ. ಅವನು "ಕರಡಿಗುಡ್ಡದ ಹಣ್ಣು, ಕರಡಿಗುಡ್ಡದ ಹಣ್ಣು" ಎಂದು ಕೂಗಿದರೆ ಸಾಕು, ಬಸ್ಸಿಳಿದವರು ಮೊದಲು ಅವನ ತಳ್ಳುಗಾಡಿಯ ಹತ್ತಿರ ಹೋಗುತ್ತಿದ್ದರು. ಔಷಧ ಕಾಣದ ಹಣ್ಣು, ಗುಡ್ಡದ ಮೇಲೆ ತಾನೇ ಬೆಳೆದದ್ದು ಎಂದು. ಈ ಸಲ ಬುಟ್ಟಿಯನ್ನು ಅವನೇ ಬಸ್ಸಿಗೆ ಹಾಕಿ, ಫೋನಿನಲ್ಲಿ ಹೇಳಿದ್ದ: "ದೊಡ್ಡಮ್ಮ, ನಾ ತಿಂತೀನಿ, ನನ್ನ ಮಕ್ಕಳೂ ತಿಂತಾವ. ಗಿರಾಕಿಗೆ ಏನಂತ ಹೇಳ್ಲಿ? 'ಅದೇ ಗುಡ್ಡದ್ದೇನು?' ಅಂತ ಕೇಳಿ ಮುಂದ ಹೊಂಟು ಬಿಡ್ತಾರ."

"ಬ್ಯಾರೆ ಗುಡ್ಡದ್ದು ಅಂತ ಹೇಳಪ್ಪ."

"ಹೇಳ್ಬೇಕಂತೀನಿ. ಇಷ್ಟ್ ವರ್ಷ ಕೂಗೀನಿ ನೋಡ್ರಿ, ಬಾಯಿ ತೆರದ್ರ ಅದೇ ಹೆಸರು ಬರತೈತಿ."

ಶ್ರಾವಣದಲ್ಲಿ ಪೇಪರಿನಲ್ಲಿ ಬಂದಿತ್ತು: ಕರಡಿಗುಡ್ಡದ ಗಾಳಿಯಲ್ಲಿ ವಿಷ, ಬಯಲಿಗಿಂತ ಬೆಟ್ಟದಲ್ಲೇ ಹೆಚ್ಚು. ಜೊತೆಗೆ ಗುಡ್ಡದ ಮೇಲಿನ ಡಬ್ಬಿಯ ಫೋಟೋ. ಫೋಟೋದ ಅಂಚಿನಲ್ಲಿ ಹುಲುಗಣ್ಣನ ಹೆಗಲೂ ಒಂದಿಷ್ಟು ಕಾಣುತ್ತಿತ್ತು. ಅವನು ಅದನ್ನು ನೋಡಿಯೇ ಪೇಪರು ಕೊಂಡು, ಮಡಚಿ ಕಂಕುಳಲ್ಲಿಟ್ಟುಕೊಂಡು ಖುಷಿಯಿಂದ ಮನೆಗೆ ಬಂದಿದ್ದ. ಮೇಲಿನ ದಪ್ಪ ಅಕ್ಷರವನ್ನು ಓದಿದ್ದು ಮನೆಗೆ ಬಂದ ಮೇಲೆ.

ಡಬ್ಬಿ ಬಂದು ಆರು ವರ್ಷವಾಗಿತ್ತು. ತಂದವಳು ಹರಪನಹಳ್ಳಿ ಕಡೆಯ ಹುಡುಗಿ ಮೇಘಾ, ದೊಡ್ಡ ಓದು ಓದುತ್ತಿದ್ದವಳು. ಎರಡು ಸ್ಟೀಲಿನ ಬೋಗುಣಿಗಳನ್ನು ಬಾಯಿಗೆ ಬಾಯಿ ಕೊಟ್ಟು ತೂಗುಹಾಕಿದಂತೆ ಇತ್ತು. ನಡುವೆ ಗಾಳಿಯಾಡಲು ಸಂದು, ಒಳಗೆ ಬಿಳಿಯ ಸ್ಪಂಜಿನ ಬಿಲ್ಲೆ.

"ಏನ್ ಮಾಡತೈತವ್ವ ಇದು?" ಎಂದು ಅನ್ನದಾನಮ್ಮ ಕೇಳಿದ್ದಳು.

"ಏನೂ ಮಾಡಲ್ಲ ಅಜ್ಜಿ, ಸುಮ್ನೆ ಗಾಳಿ ಕುಡೀತೈತೆ. ಹುಳಕ್ಕೆ ಹಾಕೋ ಕೆಲವು ಔಷಧಿ ಅದಾವೆ, ಒಂದ್ಸಲ ಹಾಕಿದ್ರೆ ಸಾಯೋದೇ ಇಲ್ಲ. ಮಣ್ಣಿಂದ ಎದ್ದು ಗಾಳಿ ಹತ್ತಿ ಎಲ್ಲೆಲ್ಲಿಗೋ ಹೋಗ್ತಾವೆ. ಯಾರೂ ಹಾಕದೇ ಇರೋ ಜಾಗದಾಗೆ ಎಷ್ಟು ಬಂದು ಕೂತೈತೆ ಅಂತ ನೋಡಬೇಕು. ಅದಕ್ಕೇ ಈ ಗುಡ್ಡ."

ಬಿಲ್ಲೆಯನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಿ, ಹಳೆಯದನ್ನು ಬೆಳ್ಳಿಹಾಳೆಯಲ್ಲಿ ಸುತ್ತಿ ಕಳಿಸುವ ಕೆಲಸ ಹುಲುಗಣ್ಣನದಾಯಿತು. ಕಬ್ಬಿಣದ ಕಂಬವಾದರೆ ಬಣ್ಣ ಬಳಿಯಬೇಕು, ಬಣ್ಣದ ವಾಸನೆಯನ್ನು ಸ್ಪಂಜು ಹಿಡಿಯುತ್ತದೆ ಎಂದು ಮೇಘಾ ಹೇಳಿದಾಗ ಅವನು ತನ್ನ ಹೊಲದ ಬದುವಿನ ಜಾಲಿಯನ್ನೇ ಕಡಿದು ಕಂಬ ಮಾಡಿ ಹೊತ್ತುಕೊಂಡು ಹೋಗಿ ನೆಟ್ಟ. ಗುಡ್ಡ ಹತ್ತುವಾಗ ಬೀಡಿ ಬಿಟ್ಟ. ಕುರಿ ಕಾಯುವವರು ಅಲ್ಲಿ ಬೆಂಕಿ ಹಚ್ಚಿದರೆ ಓಡಿಸಿಕೊಂಡು ಹೋಗುತ್ತಿದ್ದ. ಬಿಲ್ಲೆ ಮುಟ್ಟುವ ದಿನ ಅವನು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳುವುದನ್ನು ನೋಡಿ ಅನ್ನದಾನಮ್ಮ, "ಹೆಂಡ್ತಿನ್ನ ಮುಟ್ಟಾಗ ಇಷ್ಟು ಮಡಿ ಇರಲಿಲ್ಲ ಬಿಡ್ರಿ," ಎಂದು ನಗುತ್ತಿದ್ದಳು.

ಪೇಪರಿನಲ್ಲಿ ಬಂದ ಕೆಲವು ದಿನಕ್ಕೆ ಮೇಘಾ ತಾನಾಗಿಯೇ ಬಂದಳು. ಇಷ್ಟೊಂದು ವಿಷ ಈ ಗುಡ್ಡಕ್ಕೆ ಎಲ್ಲಿಂದ ಬಂತು ಎಂದು ಅವಳಿಗೂ ಬಗೆಹರಿದಿರಲಿಲ್ಲ. ಯಾವಾಗಲೂ ಬೇಸಿಗೆಯಲ್ಲಿ ಬರುತ್ತಿದ್ದವಳು ಮಳೆಗಾಲದಲ್ಲಿ ಗುಡ್ಡ ಹತ್ತಿದ್ದು ಅದೇ ಮೊದಲು. ಅನ್ನದಾನಮ್ಮ ರೊಟ್ಟಿ ಗಂಟು ಹೊತ್ತು ಹಿಂದೆ ಹೋಗಿದ್ದಳು. ಮೇಲೆ ಹಾಸುಬಂಡೆ, ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತ ದೊಣೆ, ದೊಣೆಯ ಮೇಲ್ಗಡೆ ಮಣ್ಣಿದ್ದ ಸಂದಿನಲ್ಲಿ ಕಂಬ. ಮೇಘಾ ಸುತ್ತಲೂ ನೋಡಿದಳು. ಹೊಲವಿಲ್ಲ, ದಾರಿಯಿಲ್ಲ, ಹೊಗೆಯಿಲ್ಲ.

ಅಷ್ಟರಲ್ಲಿ ಹುಲುಗಣ್ಣ ಹೆಗಲಚೀಲದಿಂದ ಒಂದು ಹಳೆಯ ತಗಡಿನ ಡಬ್ಬ ತೆಗೆದ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು. ಕಂಬದ ಬುಡದಲ್ಲಿ ಕೂತು, ಸುತ್ತಲೂ ರಂಗೋಲಿ ಬಿಟ್ಟಷ್ಟು ಜತನದಿಂದ ಪುಡಿ ಉದುರಿಸತೊಡಗಿದ. ಕಮಟು ವಾಸನೆ ಎದ್ದಿತು.

"ಅಜ್ಜಾರೆ, ಏನದು?" ಎಂದಳು ಮೇಘಾ.

"ಗೆದ್ಲು ಪುಡಿರಿ. ಮಳಿ ಬಿತ್ತಂದ್ರ ಏಳ್ತಾವ, ಕಟಗಿ ಕಂಬ ನೋಡ್ರಿ. ವರ್ಷಾ ವರ್ಷಾ ಹಾಕ್ತೀನಿ. ಇದೊಂದು ಇರಲಿಲ್ಲಂದ್ರ ನಿಮ್ಮ ಡಬ್ಬಿ ಎಂದೋ ನೆಲಕ್ಕ ಬೀಳ್ತಿತ್ತು."

ಮೇಘಾ ಬಗ್ಗಿ ಒಂದು ಚಿಟಿಕೆ ಮೂಸಿ ನೋಡಿದಳು. ಆಮೇಲೆ ಬಂಡೆಯ ಮೇಲೆ ಕೂತಳು. "ಆರು ವರ್ಷ ಬಿಲ್ಲೆ ಕುಡಿದಿದ್ದು ಇದನ್ನೇ ಅಜ್ಜಾರೆ," ಎಂದಳು.

ಅದು ಹುಲುಗಣ್ಣನ ಅಪ್ಪನ ಕಾಲದಿಂದ ಮನೆಯಲ್ಲಿದ್ದ ಪುಡಿ. ಜೋಳದ ಚೀಲದ ಸುತ್ತ, ಬಾಗಿಲ ಚೌಕಟ್ಟಿಗೆ, ಇರುವೆಯ ಗೂಡಿಗೆ ಎಲ್ಲಕ್ಕೂ ಅದೇ. ಸರಕಾರದ ಆದೇಶದಿಂದ ಅಂಗಡಿಯಲ್ಲಿ ಮಾರುವುದು ನಿಲ್ಲುತ್ತದೆ ಎಂದಾಗ ಅವನು ಒಂದು ಚೀಲ ತಂದು ಅಟ್ಟದ ಮೇಲೆ ಇಟ್ಟುಕೊಂಡಿದ್ದ. ಔಷಧಿ ಹೊಡೆದಿರಾ ಎಂದು ಮೇಘಾ ಬಂದಾಗಲೆಲ್ಲ ಕೇಳುತ್ತಿದ್ದಳು. ಅವನು ಇಲ್ಲ ಅನ್ನುತ್ತಿದ್ದ. ಸುಳ್ಳು ಹೇಳಿದವನಲ್ಲ. ಹೊಲದಲ್ಲಿ ಪಂಪು ಹೊತ್ತು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೆಯುವುದು ವಿಷ. ಗೆದ್ದಲಿಗೆ ಹಾಕುವುದು ಕಸ ಗುಡಿಸಿದ ಹಾಗೆ, ಮನೆಗೆಲಸ.

ಮೇಘಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅನ್ನದಾನಮ್ಮನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಬೋಗುಣಿಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಇಳಿದಳು. ಮನೆಗೆ ಬಂದು, ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಒಂದು ಕವರು ಕೊಟ್ಟಳು.

"ಅಜ್ಜಾರೆ, ಯಾವಾಗಿಂದ ಹಾಕ್ತಿದ್ರಿ, ಎಷ್ಟು ಹಾಕ್ತಿದ್ರಿ ಅಂತ ನಿಮ್ಮ ಕೈಯಾಗೆ ಬರೆದು ನಮ್ಮ ಕಾಲೇಜಿನ ಸರ್‌ಗೆ ಕಳಿಸ್ರಿ. ನಾನು ಹೇಳಿದ್ರೆ ಊರಿನೋರ್ನ ಉಳಿಸಾಕೆ ಕಥೆ ಕಟ್ಟೀನಿ ಅಂತಾರೆ. ನಿಮ್ಮ ಕಾಗದ ಬಂದ್ರೆ ಈ ಡಬ್ಬಿ ಲೆಕ್ಕನೆಲ್ಲ ತೆಗೆದು ಹಾಕ್ತಾರೆ."

"ಕಾಗದ ಹೋದ್ರ ಹಣ್ಣು ಮಾರಾಟ ಆಗ್ತಾವೇನವ್ವ?" ಎಂದು ಅನ್ನದಾನಮ್ಮ ಕೇಳಿದಳು.

"ಗೊತ್ತಿಲ್ಲ ಅಜ್ಜಿ. ಪೇಪರಿನೋರು ಎಲ್ಲೋ ಮೂಲೆಯಾಗೆ ಸಣ್ಣದಾಗಿ ಹಾಕಬಹುದು."

"ಹಂಗಾರ ಗುಡ್ಡದ ಗಾಳಿ ಚಲೋ ಐತಿ ಅನ್ನು."

ಮೇಘಾ ತಲೆ ಅಲ್ಲಾಡಿಸಿದಳು. "ಅದೇ ಅಜ್ಜಿ. ಚೆನ್ನಾಗೈತೋ ಇಲ್ವೋ, ಈಗ ಅದು ಯಾರಿಗೂ ಗೊತ್ತಾಗಲ್ಲ." ಹೊರಡುವಾಗ ಅಟ್ಟದ ಕಡೆ ಕೈ ತೋರಿಸಿದಳು. "ಆ ಚೀಲ ಸುಡಬ್ಯಾಡ್ರಿ, ಹೂಳಬ್ಯಾಡ್ರಿ, ನೀರಿಗಂತೂ ಹಾಕಲೇಬ್ಯಾಡ್ರಿ. ತಗೊಂಡು ಹೋಗಾಕೆ ಯಾರನ್ನಾದ್ರೂ ಕಳಿಸ್ತೀನಿ."

ಯಾರೂ ಬರಲಿಲ್ಲ. ಫೋನ್ ಮಾಡಿದರೆ, "ಕೇಳ್ತಾನೇ ಇದೀನಿ ಅಜ್ಜಿ, ಅದು ಯಾವ ಆಫೀಸಿಗೂ ಸೇರಲ್ಲಂತೆ," ಎಂದಳು.

ಕವರು ಜಗಲಿಯ ಗೂಡಿನಲ್ಲಿ, ದೇವರ ಫೋಟೋದ ಹಿಂದೆ ಉಳಿಯಿತು. ಅನ್ನದಾನಮ್ಮ ಎರಡು ಮೂರು ಸಲ ಎತ್ತಿ ಗಂಡನ ಮುಂದೆ ಇಟ್ಟು ನೋಡಿದಳು.

"ಏನಂತ ಬರೀಲಿ?" ಎಂದ ಹುಲುಗಣ್ಣ. "ಆರು ವರ್ಷ ಕಾಯ್ದೆ ಅಂತ ಬರೀಲೋ, ಆರು ವರ್ಷ ಕೆಡಿಸ್ದೆ ಅಂತ ಬರೀಲೋ?"

ಬೋಗುಣಿ ಇಲ್ಲದಿದ್ದರೂ ಅವನು ಗುಡ್ಡ ಹತ್ತುವುದನ್ನು ಬಿಡಲಿಲ್ಲ. ಬರಿಗಂಬದ ಹತ್ತಿರ ಕೂತು ಬರುತ್ತಿದ್ದ. ಓಣಿಯ ಹೆಂಗಸರಿಗೆ ವರ್ಷದ ಬಟ್ಟೆಬರೆ ಬರುತ್ತಿದ್ದದ್ದು ಹಣ್ಣಿನಿಂದ. ಅವರಿಗೆ ಪುಡಿಯ ವಿಷಯ ಗೊತ್ತಿಲ್ಲ. ಡಬ್ಬಿಯೇ ಹಾಳು ಮಾಡಿತು ಎಂದುಕೊಂಡಿದ್ದರು. ಪಕ್ಕದ ಮನೆಯ ಭಾಗ್ಯ ಖಾಲಿ ಬುಟ್ಟಿ ಹಿಡಿದು ಹೋಗುವಾಗ ಕಟ್ಟೆಯ ಮುಂದೆ ನಿಲ್ಲುತ್ತಿದ್ದಳು. "ಏನ್ ಮಾವ, ಇವತ್ತು ಗಾಳಿ ಹೆಂಗೈತಿ? ಉಸಿರು ಬಿಡ್ಲೋ, ಒಳಗ ಇಟ್ಕಳ್ಳೋ? ನೀ ಹೇಳಿದಂಗ ಮಾಡ್ತೀನಿ ನೋಡು."

ಮೊದಲೆಲ್ಲ ಅವಳಿಗೆ ಎರಡು ಮಾತು ತಿರುಗಿ ಕೊಡುತ್ತಿದ್ದ ಹುಲುಗಣ್ಣ ಈಗ ಕಾಲಿನ ಉಗುರು ನೋಡುತ್ತ ಕೂರುತ್ತಿದ್ದ.

ಆ ಒಡೆದ ಹಣ್ಣು ಮೇಕೆಗೆ ಹಾಕಿದ ಮರುದಿನ ಬೆಳಿಗ್ಗೆ ಅವನು ಮನೆಯಲ್ಲಿ ಇರಲಿಲ್ಲ. ಸೋಪಿನ ಪುಡಿಯ ಪಾಕೀಟೂ ಇರಲಿಲ್ಲ, ಬಕೀಟೂ ಇರಲಿಲ್ಲ. ಅನ್ನದಾನಮ್ಮ ಮೊಣಕಾಲು ಹಿಡಿದುಕೊಂಡು, ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಗುಡ್ಡ ಹತ್ತಿದಳು.

ಹುಲುಗಣ್ಣ ಅಂಗಿ ಕಳಚಿ, ಧೋತರ ಎತ್ತಿ ಕಟ್ಟಿ, ತೆಂಗಿನ ನಾರಿನಿಂದ ಕಂಬ ತಿಕ್ಕುತ್ತಿದ್ದ. ಬುಡದ ಮಣ್ಣು, ಬಂಡೆ, ಎಲ್ಲ ತೊಳೆದಿದ್ದ. ದೊಣೆಯಿಂದಲೇ ನೀರು ಮೊಗೆದು ಮೊಗೆದು ಸುರಿದಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಎಷ್ಟೋ ದಿನವಾಗಿತ್ತು ಆ ಮುಖ ಕಂಡು.

"ನೋಡಲೇ, ಹೆಂಗ ಬೆಳ್ಳಗಾತು! ಮೂಸಿ ನೋಡು, ವಾಸನಿ ಐತೇನು? ಮೇಡಮ್ಮಗ ಫೋನ್ ಹಚ್ಚು. ಡಬ್ಬಿ ತಂದು ತೂಗ್ಹಾಕು, ಮೊದ್ಲಿಂದ ಶುರು ಮಾಡು ಅನ್ನು."

ಅನ್ನದಾನಮ್ಮ ಕಂಬ ನೋಡಲಿಲ್ಲ. ಬಂಡೆಯ ಇಳಿಜಾರಿನಲ್ಲಿ ನೊರೆಯ ಗೆರೆಯೊಂದು ಇಳಿದುಹೋಗಿತ್ತು. ಮೆಲ್ಲಗೆ, ಅವಸರವಿಲ್ಲದೆ ದೊಣೆಗೆ ಸೇರುತ್ತಿತ್ತು. ದೊಣೆಯ ಅಂಚಿಗೆಲ್ಲ ಬಿಳಿ ನೊರೆ ಕಟ್ಟಿತ್ತು. ಊರಿನ ಮೇಕೆಗಳು, ಕುರಿ ಕಾಯುವವರು, ಕರಡಿಗಳು, ಎಲ್ಲಕ್ಕೂ ಗುಡ್ಡದ ಮೇಲೆ ಇದ್ದದ್ದು ಅದೊಂದೇ ನೀರು.

ಅವಳು ಹೇಳಬೇಕಾಗಲಿಲ್ಲ. ಅವಳ ಕಣ್ಣು ಹೋದ ಕಡೆಗೆ ಅವನ ಕಣ್ಣೂ ಹೋಯಿತು. ಕೈಯಲ್ಲಿನ ನಾರು ಹಾಗೇ ನಿಂತಿತು.

"ಗೆದ್ಲಿಗೆ ಹೆದ್ರಿ ಪುಡಿ ಹಾಕ್ದೆ," ಎಂದ. "ಪುಡಿಗೆ ಹೆದ್ರಿ ನೀರು ಹಾಕ್ದೆ. ಈಗ ನೀರಿಗೆ ಹೆದ್ರಿ ಏನ್ ಹಾಕ್ಲಿ?"

"ಏನೂ ಹಾಕಬ್ಯಾಡ್ರಿ," ಎಂದಳು ಅನ್ನದಾನಮ್ಮ. "ಏನೂ ಮಾಡಬ್ಯಾಡ್ರಿ. ಅಂಗಿ ಹಾಕ್ಕಳ್ರಿ, ಗಾಳಿ ಬೀಸಾಕತೈತಿ."

ಆದರೂ ಸುಮ್ಮನೆ ಇಳಿದುಬರಲು ಇಬ್ಬರಿಗೂ ಆಗಲಿಲ್ಲ. ಕಾರೆ ಮುಳ್ಳು, ಜಾಲಿ ಮುಳ್ಳು ಕಡಿದು ತಂದು ದೊಣೆಯ ಸುತ್ತ ಒಡ್ಡಿದರು. ದಾರಿಯಲ್ಲಿ ಸಿಕ್ಕ ಕುರಿಗಾರರಿಗೆ, "ದೊಣಿ ನೀರು ಕೆಟ್ಟೈತ್ರಪ್ಪ, ಕುಡೀಬ್ಯಾಡ್ರಿ, ಕುಡಿಸಬ್ಯಾಡ್ರಿ," ಎಂದು ಹೇಳಿದರು. ಯಾಕೆ ಎಂದು ಕೇಳಿದವರಿಗೆ ಹುಲುಗಣ್ಣ, "ನಾನೇ ಕೆಡಿಸೀನಿ," ಎಂದ. ಅವರು ತಮಾಷೆ ಎಂದುಕೊಂಡು ನಕ್ಕರು.

ಮರುದಿನ ಬೆಳಿಗ್ಗೆ ಮತ್ತೆ ಹತ್ತಿದರು. ಮುಳ್ಳು ಒಂದು ಕಡೆ ಸರಿದು ಬಿದ್ದಿತ್ತು. ದೊಣೆಯ ಅಂಚಿನ ಹಸಿ ಮಣ್ಣಿನಲ್ಲಿ ದೊಡ್ಡ ಹೆಜ್ಜೆ ಎರಡು, ಪಕ್ಕದಲ್ಲೇ ಸಣ್ಣ ಸಣ್ಣ ಹೆಜ್ಜೆ. ತಾಯಿ ಕರಡಿ ಮರಿ ಕಟ್ಟಿಕೊಂಡು ಬಂದು ಕುಡಿದು ಹೋಗಿತ್ತು. ಹುಲುಗಣ್ಣ ಆ ಸಣ್ಣ ಹೆಜ್ಜೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

ಮನೆಗೆ ಬಂದವನು ಕಾಲು ಸಹ ತೊಳೆಯದೆ, "ಆ ಕವರು ತಗಿ," ಎಂದ.

ಬರೆಯುವುದು ಸಂಜೆಯವರೆಗೂ ಹಿಡಿಯಿತು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನ ಕೈ. ಅಕ್ಷರಗಳು ಒಂದಕ್ಕೊಂದು ದೂರ ದೂರ ಕೂತವು. ಪ್ರತಿ ವರ್ಷ ಮಳೆ ಬಿದ್ದ ಮೇಲೆ ಒಂದು ಸಲ, ಇಂಥ ಡಬ್ಬದಲ್ಲಿ ಒಂದು ಡಬ್ಬ ಎಂದು ಬರೆದ. ತೊಳೆದದ್ದನ್ನು ಬರೆದ. ಕೊನೆಗೆ ತಲೆಯೆತ್ತಿ, "ಕರಡಿ ವಿಷಯನೂ ಬರೀಲೇನು? ಅವರು ಕೇಳಿಲ್ಲ," ಎಂದ.

"ಬರೀರಿ," ಎಂದಳು ಅನ್ನದಾನಮ್ಮ.

"ಓದಿದವರು ಏನ್ ಮಾಡ್ತಾರ?"

"ಏನೂ ಮಾಡಾಕಿಲ್ಲೇನೋ. ಬರೀರಿ."

ಬೆಳಿಗ್ಗೆ ಅನ್ನದಾನಮ್ಮ ಕೂಡ್ಲಿಗಿ ಬಸ್ಸಿಗೆ ಹತ್ತಿ ಹೋಬಳಿಯಲ್ಲಿ ಇಳಿದಳು. ಮಡಿಲಲ್ಲಿ ಕವರು ಇತ್ತು. ಇಷ್ಟು ದಿನ ಗೂಡಿನಲ್ಲಿದ್ದು ಅದಕ್ಕೆ ಊದಿನಕಡ್ಡಿಯ ವಾಸನೆ, ಅದರ ಕೆಳಗೆ ತೆಳ್ಳಗೆ ಆ ಕಮಟು ವಾಸನೆ ಹತ್ತಿತ್ತು. ಅಂಚೆ ಕಚೇರಿ ಆಗ ತಾನೇ ತೆರೆದಿತ್ತು. ಒಳಗಿದ್ದವನು ಕವರು ತೂಗಿ ನೋಡಿ, "ಹಚ್ಚಿದ ಚೀಟಿ ಸಾಕು ಬಿಡಮ್ಮ," ಎಂದು ಸೀಲು ಹೊಡೆದ. ಎರಡು ಸಲ ಹೊಡೆದ, ಮೊದಲನೆಯದು ಮಸುಕಾಗಿತ್ತು. ಆಮೇಲೆ ಕವರನ್ನು ಹಿಂದಿನ ಗೋಣಿಚೀಲಕ್ಕೆ ಒಗೆದ.

ಅವಳು ಹೋಗದೆ ನಿಂತಿದ್ದಳು. ಅವನು ತಲೆಯೆತ್ತಿ ನೋಡಿದ. ಅವಳ ಕಣ್ಣು ಬಾಗಿಲ ಚೌಕಟ್ಟಿನ ಮೇಲಿತ್ತು. ನೆಲದಿಂದ ಹೊರಟ ಮಣ್ಣಿನ ಗೆರೆಯೊಂದು ಕಟ್ಟಿಗೆಯುದ್ದಕ್ಕೂ ಏರಿ, ಚಿಲಕದ ಹತ್ತಿರ ಕವಲೊಡೆದು, ಇನ್ನೂ ಮೇಲಕ್ಕೆ ಹೋಗಿತ್ತು.

"ಗೆದ್ಲು," ಎಂದ ಅವನು. "ಎಷ್ಟ್ ಕೆರದ್ರೂ ಮತ್ ಬರ್ತಾವ. ಮೊದ್ಲು ಒಂದು ಪುಡಿ ಬರ್ತಿತ್ತು ನೋಡಮ್ಮ, ಭಾಳ ಚಲೋ ಇತ್ತು. ಹಳ್ಳಿ ಕಡಿ ಯಾರ ಮನ್ಯಾಗರ ಐತೇನು?"

ಅನ್ನದಾನಮ್ಮ ಗೆರೆಯನ್ನು ಒರೆಸಲು ಕೈ ಎತ್ತಿದವಳು ಹಾಗೇ ಇಳಿಸಿ, ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದಳು. ಹಿಂದೆ ಅವನು ಗೋಣಿಚೀಲದ ಬಾಯಿ ಕಟ್ಟುತ್ತಿದ್ದ. ಹೊರಗೆ ಟಪಾಲಿನ ಬಸ್ಸು ಬಂದು ನಿಂತಿತು.