ಒರೆಸಿದರೂ ಹೋಗದ ಚಿತ್ರ

ನಾನೊಂದು ಡಸ್ಟರು. ಧಾರವಾಡದ ಬಡಿಗನೊಬ್ಬ ಕುರ್ಚಿ ಮಾಡಿ ಉಳಿದ ತುಂಡಿಗೆ ಕಪ್ಪು ಉಣ್ಣೆಬಟ್ಟೆ ಅಂಟಿಸಿದ, ನಾನು ಹುಟ್ಟಿದೆ. ಮೊದಲು ಸೇರಿದ್ದು ಒಂದು ಹೈಸ್ಕೂಲಿಗೆ. ಅಲ್ಲಿನ ಗಣಿತದ ಮಾಸ್ತರ ನನ್ನಿಂದ ಬೋರ್ಡು ಒರೆಸಿದ್ದಕ್ಕಿಂತ ಮಕ್ಕಳ ಗೆಣ್ಣಿಗೆ ಬಡಿದದ್ದೇ ಹೆಚ್ಚು. ಲೆಕ್ಕ ಬಾರದವನಿಗೆ ಒಂದೇಟು. ಯಾಕೆ ಹೀಗೆ ಎಂದು ಕೇಳಿದವನಿಗೆ ಎರಡು. ಬಟ್ಟೆ ಕಿತ್ತು ಮರ ಕಂಡದ್ದು ಅಲ್ಲಿಯೇ.

ಪಕ್ಕದ ವಿಶ್ವವಿದ್ಯಾಲಯದಲ್ಲಿ ದೊಡ್ಡ ಸಮ್ಮೇಳನ ಬಂತು: 'ಜ್ಯಾಮಿತೀಯ ವಿಶ್ಲೇಷಣೆ ಮತ್ತು ಆಂಶಿಕ ಅವಕಲ ಸಮೀಕರಣಗಳು'. ಫ್ಲೆಕ್ಸು ಬಂತು, ಶಾಲು ಬಂತು, ಹಾರ ಬಂತು. ಡಸ್ಟರು ಮಾತ್ರ ಯಾವ ಪಂಡಿತನ ನೆನಪಿಗೂ ಬರಲಿಲ್ಲ. ಜವಾನ ಓಡಿ ಬಂದು ನನ್ನನ್ನು ಎತ್ತಿಕೊಂಡು ಹೋದ.

ಅಧ್ಯಕ್ಷರು ಪ್ರೊಫೆಸರ್ ಹೊಂಬಳಿಮಠ. ಕುಗ್ಗುತ್ತ ಹೋಗುವ ಒಂದು ಬಗೆಯ ಮೇಲ್ಮೈ ನಟ್ಟನಡುವೆ ಎಂದೂ ಹರಿದು ಎರಡಾಗುವುದಿಲ್ಲ ಎಂಬುದು ಅವರ ಪ್ರಮೇಯ. ಅದನ್ನೇ ಉಂಡು, ಹೊದ್ದು ದೊಡ್ಡವರಾದವರು. ಅವರೆದುರೇ ಸಂಶೋಧನಾ ವಿದ್ಯಾರ್ಥಿನಿ ಪಾರವ್ವ ತಳವಾರ ಸುಣ್ಣದಕಡ್ಡಿ ಒತ್ತಿ ಹಿಡಿದು ನಡು ಸಣ್ಣಗಿರುವ ಡಂಬೆಲ್ಲಿನಂಥ ಚಿತ್ರ ಬರೆದಳು, ಪಕ್ಕದಲ್ಲಿ ಲೆಕ್ಕ.

"ಸರ್, ಇದರ ಕುತ್ತಿಗಿ ಹರೀತೈತ್ರಿ."

ಸಭೆ ನೋಡಿ ಹೌದೆಂದರೆ ಅವರ ಪ್ರಮೇಯ ಬಿತ್ತು, ಅವಳ ಪಿಎಚ್‌ಡಿ ಉಳಿಯಿತು. ಇಲ್ಲವಾದರೆ ವರ್ಷಗಳ ದುಡಿಮೆ ಮಣ್ಣುಪಾಲು.

ಪ್ರಶ್ನೆಗಳು ಮುಗಿಯುವ ತನಕ ಮಾತಾಡಿದವರ ಬೋರ್ಡು ಮುಟ್ಟಬಾರದು. ಇದು ಗಣಿತದವರ ಪದ್ಧತಿ. ಹೊಂಬಳಿಮಠ ಎದ್ದು ಬಂದು ನನ್ನನ್ನೇ ಹಿಡಿದರು.

"ಟೈಮ್ ಆತು ತಂಗಿ. ಚಾ ಆರಾಕತ್ತೈತಿ."

"ಪ್ರಶ್ನೆ ಮುಗಿಯೂ ತನಕ ಇರ್ಲಿರಿ ಸರ್!"

"ನಾನಽ ಕೇಳಂಗಿಲ್ಲ ಅಂದಮ್ಯಾಲೆ ಇನ್ಯಾಂವ ಕೇಳ್ತಾನ?"

ಸಭೆಯ ಕಡೆ ಮುಖ ಮಾಡಿ ನಗುತ್ತ, ಬೆನ್ನ ಹಿಂದೆ ಕೈಯಾಡಿಸಿ ಒರೆಸಿದರು. ಒರೆಸುವುದಕ್ಕೆ ನನ್ನಲ್ಲಿ ಬಟ್ಟೆ ಎಲ್ಲಿತ್ತು? ಮರ ಕಿರ್ರೆಂದು ಜಾರಿತು, ಅಷ್ಟೇ.

ಹಿಂದಿನ ಸಾಲಿನಿಂದ ಕಲಬುರ್ಗಿಯ ಮುದುಕ ಪ್ರಾಧ್ಯಾಪಕರೊಬ್ಬರು ಕೂಗಿದರು: "ಹೊಂಬಳಿಮಠರೇ, ಸ್ವಲ್ಪ ಸರೀರಿ! ಹರದ ಕುತ್ತಿಗಿ ಹಂಗಽ ಕಾಣಸ್ತದ. ತಂಗಿ, ಆ ಮೂರನೇ ಸಾಲು ಬಿಡಿಸಿ ಹೇಳವ್ವಾ."

ಪಾರವ್ವ ಹೇಳಿದಳು. ಕುರ್ಚಿಗಳೆಲ್ಲ ಮುಂದೆ ಸರಿದವು. ಚಹಾ ಆರಿಯೇ ಹೋಯಿತು, ಸಭೆ ಹೌದೆಂದಿತು.

"ಇಂಥಾ ಡಸ್ಟರ್ ಯಾವ ಮಂಗ್ಯಾ ತಂದಾನೋ!" ಎಂದು ಹೊಂಬಳಿಮಠ ನನ್ನನ್ನು ಮೂಲೆಗೆ ಎಸೆದರು. ಬಿದ್ದಲ್ಲೇ ಇದ್ದೇನೆ, ಬಾಡಿದ ಹಾರಗಳ ಜೊತೆ. ಬೋರ್ಡಿಗೆ ಈಗ ಹೊಸ ಡಸ್ಟರು ಬಂದಿದೆ, ದಪ್ಪ ಬಟ್ಟೆಯದು. ಏನು ಬರೆದರೂ ಒಂದೇ ಸಲಕ್ಕೆ ನುಂಗುತ್ತದೆ. ಅದರ ಬಟ್ಟೆಯೂ ಬೇಗ ಕಿತ್ತುಹೋಗಲಿ.